ಹುಳು ಮುಟ್ಟದ ಪತ್ರೆ

ಚಾಮರಾಜಪೇಟೆಯ ಮನೆಗಳಲ್ಲಿ ಮುಂಬಾಗಿಲಿಗಿಂತ ಹಿತ್ತಿಲ ಬಾಗಿಲೇ ಹೆಚ್ಚು ಸವೆಯುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಮಾತ್ರ ಹಾಗೇ ಇತ್ತು. ನನಗೆ ಒಂಬತ್ತು ವರ್ಷ. ನಮ್ಮ ಹಿತ್ತಿಲಲ್ಲಿ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಬಚ್ಚಲಮನೆಗೆ ಒರಗಿಕೊಂಡ ದಾಳಿಂಬೆ ಗಿಡ, ಇವೆಲ್ಲಕ್ಕೂ ಯಜಮಾನನ ಹಾಗೆ ನಿಂತ ಒಂದು ಬಿಲ್ವಪತ್ರೆ ಮರ ಇದ್ದವು. ಅದನ್ನು ನಾವ್ಯಾರೂ ಪೂರ್ತಿ ಹೆಸರು ಹಿಡಿದು ಕರೆದವರಲ್ಲ, ಪತ್ರೆ ಮರ ಅಂದರೆ ಸಾಕಿತ್ತು.

ಅಪ್ಪಾಜಿಗೆ ಪೇಟೆಯಲ್ಲಿ ಸೀಗೇಕಾಯಿ, ಅಂಟುವಾಳ, ಕಾಡುಜೇನಿನ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಮೂಟೆಗಳು ನಮ್ಮ ನಡುಮನೆಗೆ ಬಂದು ಬೀಳುತ್ತಿದ್ದವು. ಮನೆ, ಹಾಸಿಗೆ, ನನ್ನ ಲಂಗ, ಎಲ್ಲಕ್ಕೂ ಸೀಗೇಪುಡಿಯ ವಾಸನೆ. ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿ ಮೂಗು ಹಿಡಿದುಕೊಂಡು, "ಇವತ್ತೂ ಎಣ್ಣೆನೀರೇನೇ ನಿಂಗೆ?" ಎಂದು ಕೇಳುತ್ತಿದ್ದಳು. ನಾನು ಅವಳ ಜಡೆ ಎಳೆಯುತ್ತಿದ್ದೆ. ನನ್ನ ಸ್ವಭಾವ ಆಗಲೂ ಅಷ್ಟೇನೂ ಒಳ್ಳೆಯದಿರಲಿಲ್ಲ.

ಆ ಬೇಸಗೆ ರಜಕ್ಕೆ ಅಪ್ಪಾಜಿಯ ತಂಗಿ ಗಿರಿಜತ್ತೆ ಹೆರಿಗೆಗೆಂದು ತವರಿಗೆ ಬಂದಳು. ಏಳು ತಿಂಗಳು ತುಂಬಿತ್ತು. ಎರಡು ವರ್ಷದ ಹಿಂದೆ ಅವಳಿಗೆ ಒಂದು ಗಂಡುಮಗು ಹುಟ್ಟಿ ಹನ್ನೊಂದು ದಿನ ಬದುಕಿತ್ತು. ಆ ಹನ್ನೊಂದು ದಿನದ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಗುವಿಗೆ ಹೆಸರಿಟ್ಟಿರಲಿಲ್ಲವಾದ್ದರಿಂದ ಎತ್ತಲು ಹೆಸರೂ ಇರಲಿಲ್ಲ. ಅತ್ತೆ ಬಂದ ಮೇಲೆ ನನಗಂತೂ ಹಬ್ಬ. ಮಧ್ಯಾಹ್ನ ನಾವಿಬ್ಬರೂ ಅಳಿಗುಳಿಮಣೆ ಆಡುತ್ತಿದ್ದೆವು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳಿನಲ್ಲಿ ದೊಡ್ಡವು ಅವಳಿಗೆ, ಗೊರಟೆ ನನಗೆ. ಅವಳು ಆಟದಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದಳು, ಕೇಳಿದರೆ "ಬಸುರಿ ಹೆಂಗಸನ್ನ ಸೋಲಿಸ್ಬಾರ್ದು ಕಣೇ" ಅನ್ನುತ್ತಿದ್ದಳು.

ಅಜ್ಜಿ ಹರಕೆ ಹೊತ್ತಿದ್ದಳು. ದಿನಕ್ಕೆ ಸಾವಿರ ಪತ್ರೆಯಂತೆ ನೂರು ದಿನ, ಒಟ್ಟು ಲಕ್ಷ ಪತ್ರೆ ಶಿವನಿಗೆ ಏರಿಸಬೇಕು. ಹೆರಿಗೆಯೂ, ಅದರಾಚೆಯ ಹನ್ನೊಂದು ದಿನವೂ ಆ ನೂರರೊಳಗೆ ಬರುವ ಹಾಗೆ ಅವಳು ಬೆರಳು ಮಡಿಸಿ ನೋಡಿಕೊಂಡಿದ್ದಳು. ಪತ್ರೆ ಕೊಯ್ಯುವ ಕೆಲಸ ನನ್ನದು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಿದಿರುಬುಟ್ಟಿ ಹಿಡಿದು ಹೊರಟರೆ ಮರದ ಮುಳ್ಳು ಕೈಯೆಲ್ಲ ಗೀರಿ ಹಾಕುತ್ತಿತ್ತು. ಮೂರೆಲೆಯೂ ಪೂರ್ತಿ ಇರಬೇಕು. ತೊಟ್ಟಿನ ಬುಡದ ಗಂಟನ್ನು ಚಿವುಟಿ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯ, ಹುಳು ಕಚ್ಚಿದ ತೂತಾಗಲಿ, ಹುಳು ಹರಿದ ಬಿಳಿ ಗೆರೆಯಾಗಲಿ ಇರಕೂಡದು. ಒಂದು ತೂತಿನ ಎಲೆ ಸಿಕ್ಕರೆ ಅಜ್ಜಿ ಅದನ್ನು ಬೆಳಕಿಗೆ ಹಿಡಿಯುತ್ತಿದ್ದಳು.

"ಮಂಗಳೀ, ಹುಳು ಎಂಜಲು ಮಾಡಿದ್ದನ್ನ ಶಿವನಿಗೆ ಕೊಡ್ತೀಯೇನೇ? ನಿನ್ ತಟ್ಟೇಲಿ ಇಟ್ರೆ ತಿಂತೀಯಾ?"

ಸೋಮವಾರ ಶಿವನ ದಿನ, ಪತ್ರೆ ಕೊಯ್ಯಲು ಮರ ಮುಟ್ಟುವ ಹಾಗಿರಲಿಲ್ಲ. ಅದಕ್ಕೆ ಭಾನುವಾರವೇ ಎರಡು ಸಾವಿರ ಕೊಯ್ದಿಡಬೇಕಾಗಿತ್ತು. ಭಾನುವಾರ ಅಂದರೆ ನನಗೆ ಅಳುವೇ ಬರುತ್ತಿತ್ತು.

ಹರಕೆ ಶುರುವಾದ ವಾರದಲ್ಲೇ ಆ ಹಕ್ಕಿ ಕಂಡಿತು. ಗುಬ್ಬಚ್ಚಿಗಿಂತ ಸ್ವಲ್ಪ ಉದ್ದ, ಹೊಗೆ ಹಿಡಿದಂಥ ಕಂದು ಮೈ, ಹುಬ್ಬಿನ ಮೇಲೆ ಯಾರೋ ಬೆರಳಲ್ಲಿ ವಿಭೂತಿ ಎಳೆದ ಹಾಗೆ ಅಗಲವಾದ ಬಿಳಿ ಪಟ್ಟೆ. ಕೂತಲ್ಲಿ ಕೂರುತ್ತಿರಲಿಲ್ಲ. ಬಾಲವನ್ನು ಬೀಸಣಿಗೆಯ ಹಾಗೆ ಪೂರ್ತಿ ಬಿಚ್ಚಿ, ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು ತಿರುಗಿ, ಚಂಗನೆ ಗಾಳಿಗೆ ಹಾರಿ, ಕಣ್ಣಿಗೆ ಕಾಣದ ಯಾವುದೋ ನೊಣವನ್ನು ಟಕ್ಕೆಂದು ಹಿಡಿದು, ಮತ್ತೆ ಅದೇ ಕೊಂಬೆಗೆ ಬಂದು ಕುಣಿಯುತ್ತಿತ್ತು. ನಡುನಡುವೆ ಐದಾರು ಸ್ವರದ ಒಂದು ಸಣ್ಣ ಸಿಳ್ಳೆ. ಅಜ್ಜಿ ಬಾವಿಕಟ್ಟೆಯಿಂದಲೇ ನೋಡಿ ತೀರ್ಪು ಕೊಟ್ಟಳು.

"ವಿಭೂತಿ ಇಟ್ಕೊಂಡು ಪತ್ರೆ ಮರಕ್ಕೆ ಬಂದಿದೆ. ನಮ್ಮೋರೇ ಕಣೇ!"

ಒಂದಲ್ಲ, ಎರಡು ಹಕ್ಕಿ ಇದ್ದವು. ಬಚ್ಚಲ ಕಿಟಕಿಯ ಮೂಲೆಯಿಂದ ಜೇಡರ ಬಲೆಯನ್ನು ಕೊಕ್ಕಿಗೆ ಸುತ್ತಿಕೊಂಡು ಹೋಗುವುದನ್ನು ಹಿಂಬಾಲಿಸಿ ನಾನು ಗೂಡು ಪತ್ತೆ ಮಾಡಿದೆ. ಒಗೆಯುವ ಕಲ್ಲಿನ ಮೇಲೆ ನಿಂತರೆ ಕೆಳಗಿನ ಕೊಂಬೆಯ ಕವಲಲ್ಲಿ ಕಾಣುತ್ತಿತ್ತು. ಒಂದು ನಿಂಬೆಹಣ್ಣು ಕೂರುವಷ್ಟು ಬಟ್ಟಲು. ಒಳಗೆ ನಯವಾದ ಹುಲ್ಲು ನಾರು, ಹೊರಗೆಲ್ಲ ಜೇಡರ ಬಲೆಯ ಗಾರೆ. ಹಕ್ಕಿ ಒಳಗೆ ಕೂತು, ಎದೆ ಒತ್ತಿ ಒತ್ತಿ ಸುತ್ತ ತಿರುಗಿ, ಅದನ್ನು ಗುಂಡಗೆ ಮಾಡುತ್ತಿತ್ತು. ಆಮೇಲೆ ಮೂರು ಮೊಟ್ಟೆ ಬಂದವು. ಕೆನೆ ಬಣ್ಣ, ದಪ್ಪ ತುದಿಯಲ್ಲಿ ಕಂದು ಚುಕ್ಕೆಗಳ ಬಳೆ. ಒಂದು ಹಕ್ಕಿ ಎದ್ದರೆ ಇನ್ನೊಂದು ಬಂದು ಕಾವು ಕೂರುತ್ತಿತ್ತು. ಗಂಡು ಯಾವುದು, ಹೆಣ್ಣು ಯಾವುದು ನನಗೆ ಕೊನೆಗೂ ಗೊತ್ತಾಗಲಿಲ್ಲ. ಅಜ್ಜಿಗೆ ಹೇಳಿದಾಗ ಅವಳು ಬೆರಳೆತ್ತಿ ಎಚ್ಚರಿಸಿದಳು.

"ಮುಟ್ಟೀಯಾ, ಜೋಕೆ. ಬಸುರಿ ಇರೋ ಮನೇಲಿ ಇರುವೆ ಗೂಡೂ ಕೆಡವ್ಬಾರ್ದು. ಆ ಶಾಪ ಎಲ್ಲಿಗೆ ಹೋಗಿ ತಟ್ಟುತ್ತೋ!"

ಎಲ್ಲಿಗೆ ಎಂದು ಅವಳು ಬಿಡಿಸಿ ಹೇಳಲಿಲ್ಲ. ನನಗೆ ಅರ್ಥವಾಗಿತ್ತು.

ಹದಿನೈದು ದಿನಕ್ಕೊಮ್ಮೆ ಕನಕಪುರದಾಚೆಯ ಕಾಡಿನಂಚಿನಿಂದ ಗಾಡಿಯಲ್ಲಿ ಸೀಗೇಕಾಯಿ ತರುತ್ತಿದ್ದ ಮಾದಪ್ಪ ಅಂತ ಒಬ್ಬ ಮುದುಕ ಇದ್ದ. ಮೂಟೆ ಇಳಿಸಿ ಹಿತ್ತಿಲಲ್ಲಿ ಕೂತು ಒಂದು ಚೊಂಬು ಮಜ್ಜಿಗೆ ಕುಡಿಯುವುದು ಅವನ ವಾಡಿಕೆ. ಅವನು ಹಕ್ಕಿಯನ್ನು ನೋಡಿ ಹುಬ್ಬೇರಿಸಿದ.

"ಇದು ನಮ್ ಕಾಡಿಂದು ಕಣವ್ವ! ಬಿದಿರು ಮೆಳೆ ಬಿಟ್ಟು ಇಲ್ಲಿಗ್ಯಾಕೆ ಬಂತು? ಕಾಡ್ನಾಗೆ ಇವೆಲ್ಲ ಒಟ್ಟೊಟ್ಟಿಗೆ ಓಯ್ತವೆ. ಮರಕುಟುಕ ತೊಗಟೆ ಕೆದಕ್ತದೆ, ಎದ್ದ ಹುಳ ಇದು ಹಿಡ್ಕತದೆ. ಮೊಳದುದ್ದ ಬಿಳೇ ಬಾಲದ್ದು ಒಂದೈತೆ, ಅದೂ ಇದರ ದಾಯಾದಿನೇಯ." ಆಮೇಲೆ ಗೂಡಿನ ಕೊಂಬೆಯ ಕಡೆ ಗದ್ದ ತೋರಿಸಿದ. "ಅಲ್ಲಿ ಎಲೆ ನೋಡು. ಒಂದಾದ್ರೂ ತೂತಾಗೈತಾ? ಚಿಟ್ಟೆಗೆ ಕುಂತ್ಕಳಾಕೆ ಬಿಟ್ರಲ್ವಾ, ಅದು ಮೊಟ್ಟೆ ಇಕ್ಕಿ ಹುಳ ಆಗೋದು!"

ನೋಡಿದರೆ ನಿಜ. ಉಳಿದ ಕೊಂಬೆಗಳ ಎಲೆಗಳನ್ನು ಹಸಿರು ಹುಳುಗಳು ಜರಡಿ ಮಾಡಿದ್ದವು. ಗೂಡಿನ ಸುತ್ತ ಮೊಳದಗಲ ಮಾತ್ರ ಎಳೆ ಹಸಿರು, ಎಣ್ಣೆ ಸವರಿದಂಥ ಎಲೆ, ಒಂದು ಕಲೆಯೂ ಇಲ್ಲ. ಮಾದಪ್ಪ ಅದನ್ನು ಹಕ್ಕಿಯ ಮೇಲಿನ ಮೆಚ್ಚುಗೆಗೆ ಹೇಳಿದ್ದ. ನನ್ನ ತಲೆಯಲ್ಲಿ ಅದು ಬೇರೆಯೇ ಲೆಕ್ಕವಾಗಿ ಕೂತಿತು.

ಆ ಶನಿವಾರ ಅತ್ತೆಗೆ ಸೊಂಟನೋವು ಬಂದು ಮಲಗಿದಳು. ಕಾಲು ಊದಿತ್ತು. ಅಮ್ಮ, ಅಜ್ಜಿ ಅಡಿಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ನಾನು ಹೋದರೆ ಸಾರಿಗೆ ಉಪ್ಪು ಸಾಕಾ ಎಂದು ಮಾತು ತಿರುಗಿಸುತ್ತಿದ್ದರು. ಮರುದಿನ ಭಾನುವಾರ, ಎರಡು ಸಾವಿರದ ದಿನ. ಅಜ್ಜಿ ಬುಟ್ಟಿ ಕೊಡುತ್ತಾ, "ಒಂದೂ ಕಮ್ಮಿ ಆಗ್ಬಾರ್ದು ಕಣೇ, ಇವತ್ತಂತೂ ಆಗ್ಬಾರ್ದು" ಅಂದಳು. ಅವಳ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕೊಯ್ದೆ, ಕೊಯ್ದೆ. ಎಲ್ಲ ತೂತು. ಎರಡು ಸಾವಿರಕ್ಕೆ ಇನ್ನೂ ನೂರಿನ್ನೂರು ಪತ್ರೆ ಕಮ್ಮಿ ಬಿತ್ತು. ಆಗ ಒಗೆಯುವ ಕಲ್ಲು ಹತ್ತಿ ಗೂಡಿನ ಕೊಂಬೆಗೆ ಕೈ ಹಾಕಿದೆ. ಅತ್ತೆಯ ಪಾಪುವಿಗೆ ಮರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪತ್ರೆ ಹೋಗಲಿ ಅನ್ನುವುದೇ ನನ್ನ ಆಸೆ. ಹಕ್ಕಿ "ಚಕ್ ಚಕ್" ಎಂದು ನನ್ನ ತಲೆಯ ಮೇಲೇ ಹಾರಾಡಿತು. ಗೂಡು ಮುಟ್ಟಲಿಲ್ಲ, ಮೊಟ್ಟೆ ಮುಟ್ಟಲಿಲ್ಲ, ಕೊಂಬೆ ಅಲುಗದ ಹಾಗೆ ಒಂದೊಂದೇ ಎಲೆ ಚಿವುಟಿದೆ. ಇಷ್ಟೆಲ್ಲ ಜೋಪಾನ ಮಾಡಿದವಳಿಗೆ ಪುಣ್ಯ ಬಿಟ್ಟು ಇನ್ನೇನು ಬಂದೀತು ಅಂದುಕೊಂಡಿದ್ದೆ. ಅಜ್ಜಿ ಬುಟ್ಟಿ ನೋಡಿ, "ಎಂಥಾ ಪತ್ರೆ ತಂದಿದೀಯೇ, ನನ್ನವ್ವ!" ಎಂದು ನನ್ನ ಗಲ್ಲ ಸವರಿ ನೆಟಿಕೆ ಮುರಿದಳು.

ಸೋಮವಾರ ಬಿಸಿಲು ಉರಿಯಿತು. ಎಲೆಯ ಮರೆ ಹೋದ ಗೂಡಿನ ಮೇಲೆ ಹಕ್ಕಿ ರೆಕ್ಕೆ ಬಿಡಿಸಿ, ಬಾಯಿ ತೆರೆದು ಏದುಸಿರು ಬಿಡುತ್ತಾ ಮೊಟ್ಟೆಗಳಿಗೆ ನೆರಳು ಕೊಡುತ್ತಾ ನಿಂತಿತ್ತು. ನನಗೆ ಒಂಥರಾ ಅನ್ನಿಸಿತು. ಆದರೆ ತಾರಸಿಯ ಮೇಲೆ ಅಕ್ಕಿ ಸಂಡಿಗೆ ಒಣಗಲಿಟ್ಟಿದ್ದರು, ಕಾಗೆ ಕಾಯಲು ನಾನು ಹತ್ತಬೇಕಾಯಿತು. ಎರಡು ಕಾಗೆ ಬಂದವು. ಹುಷ್ ಎಂದು ಕೋಲು ಬೀಸಿ ಓಡಿಸಿದೆ. ಅವು ಹೋಗಿ ಪತ್ರೆ ಮರದ ಮೇಲೆ ಕೂತವು.

ನಾನು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಮುಗಿದಿತ್ತು. ಅಷ್ಟು ಚಿಕ್ಕ ಹಕ್ಕಿಗಳೆರಡೂ ಕಾಗೆಯ ಬೆನ್ನಿಗೆ ಬಿದ್ದು ಕುಕ್ಕುತ್ತಿದ್ದವು, ಕಾಗೆ ಲೆಕ್ಕಕ್ಕಿಟ್ಟಂತೆ ಕಾಣಲಿಲ್ಲ. ಕಲ್ಲು ಹತ್ತಿ ನೋಡಿದೆ. ಬಟ್ಟಲು ಖಾಲಿ, ಅಂಚಿನಲ್ಲಿ ಒಂದಿಷ್ಟು ಹಳದಿ ಅಂಟಿತ್ತು.

ಆ ದಿನ ಊಟ ಬಿಟ್ಟೆ. ರಾಗಿಮುದ್ದೆ, ಅವರೆಬೇಳೆ ಸಾರು ಇದ್ದರೂ ಬಿಟ್ಟೆ. ಮಾರನೆಯ ದಿನ ಅತ್ತೆ ಎದ್ದು ಓಡಾಡುವ ಹಾಗಾಗಿ ನನ್ನನ್ನು ಹುಡುಕಿಕೊಂಡು ಬಂದಳು. ನಾನು ನಡುಮನೆಯಲ್ಲಿ ಸೀಗೇಕಾಯಿ ಮೂಟೆಗಳ ಸಂದಿಯಲ್ಲಿ ಕೂತಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಕಷ್ಟಪಟ್ಟು ನೆಲಕ್ಕೆ ಕೂತಳು.

"ಏನ್ ಮಾಡಿದೀಯ, ಹೇಳ್ಬಿಡು. ಯಾರ ಜಡೆ ಕತ್ತರಿಸ್ದೆ?"

ಅಳುತ್ತಾ ಎಲ್ಲ ಹೇಳಿದೆ. ಎಲೆ ಕಿತ್ತದ್ದು, ಕಾಗೆ ಬಂದದ್ದು, ಅಜ್ಜಿ ಹೇಳಿದ್ದ ಶಾಪ. "ನಿನ್ ಪಾಪೂಗೆ ಒಳ್ಳೇದಾಗ್ಲಿ ಅಂತ ಕಿತ್ತೆ ಅತ್ತೆ. ಈಗ ನಿನ್ ಪಾಪೂ..."

ಅತ್ತೆ ಮೂಟೆಯಿಂದ ಉದುರಿದ್ದ ಒಂದು ಸೀಗೇಕಾಯಿಯನ್ನು ಎತ್ತಿ ಮುರಿದಳು.

"ಹೋದ ಸಲ ನಾನು ಯಾವ ಗೂಡು ಕಿತ್ತಿದ್ದೆ ಹೇಳು?" ಅಂದಳು. "ಯಾವುದೂ ಕಿತ್ತಿರ್ಲಿಲ್ಲ ಮಂಗಳಿ. ಇರುವೆಗೂ ಸಕ್ಕರೆ ಹಾಕ್ತಿದ್ದೆ. ಆದ್ರೂ ಹೋಯ್ತು. ಹನ್ನೊಂದು ದಿನ ಇತ್ತು. ಕಿವಿ ಥೇಟ್ ನಿಮ್ಮಪ್ಪಾಜೀದೇ, ಮಡಿಚ್ಕೊಂಡಿರೋ ಕಿವಿ. ಸೀನಿದ್ರೆ ತಾನೇ ಬೆಚ್ಚಿಬೀಳ್ತಿತ್ತು."

ಅವಳ ಬಾಯಲ್ಲಿ ಆ ಮಗುವಿನ ಮಾತು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಅಳುತ್ತಾಳೆ ಅಂದುಕೊಂಡೆ. ಅವಳು ಸೀನನ್ನು ನೆನೆದು ನಕ್ಕಳು.

"ಹಕ್ಕಿ ಮೊಟ್ಟೆ ಹೋಗಿದ್ದು ನಿನ್ ತಪ್ಪೇ. ಅದನ್ನ ಇಲ್ಲ ಅನ್ನಲ್ಲ ನಾನು. ಆದ್ರೆ ಅದು ಬೇರೆ, ಇದು ಬೇರೆ. ಎರಡನ್ನೂ ಒಂದೇ ದಾರಕ್ಕೆ ಪೋಣಿಸ್ಬೇಡ. ಏಳು, ಮುದ್ದೆ ತಿನ್ನು. ನನ್ನನ್ನೂ ಎಬ್ಬಿಸು, ಒಬ್ಳೇ ಏಳಕ್ಕಾಗಲ್ಲ."

ಅಜ್ಜಿಗೆ ಅವಳೇ ಹೇಳಿದಳು. ಅಜ್ಜಿ ಹಣೆ ಹಣೆ ಚಚ್ಚಿಕೊಂಡಳು, ನನ್ನ ಕಿವಿ ಹಿಂಡಿದಳು, ಆಮೇಲೆ ದೇವರಮನೆಯ ಬಾಗಿಲಲ್ಲಿ ಕೂತುಬಿಟ್ಟಳು. ಎದ್ದಾಗ ಕೈಯಲ್ಲಿ ಹಿಂದಿನ ದಿನದ ಪತ್ರೆಗಳ ಮೊರ ಇತ್ತು.

"ನಾಳೆಯಿಂದ ಯಾರೂ ಆ ಮರ ಮುಟ್ಬೇಡಿ. ಇದನ್ನೇ ತೊಳೆದು ಏರಿಸ್ತೀನಿ. ಪತ್ರೆಗೆ ಹಳೇದು ಅನ್ನೋ ದೋಷ ಇಲ್ಲ. ತೊಳೆದ್ರೆ ಮತ್ತೆ ಶಿವನಿಗೆ ಆಗುತ್ತೆ."

"ಹಂಗಾದ್ರೆ ಮೊದಲೇ ಯಾಕೆ ಹೇಳ್ಲಿಲ್ಲ?" ಕಿವಿ ಉರಿಯುತ್ತಿದ್ದರೂ ಕೇಳಿಯೇಬಿಟ್ಟೆ.

"ಲಕ್ಷವೂ ಹೊಸದೇ ಏರಿಸ್ದೆ ಅಂತ ನಾಲ್ಕು ಜನದ ಮುಂದೆ ಹೇಳ್ಕೋಬೇಕಿತ್ತು. ಜಂಬ ಕಣೇ ನಂದು, ಜಂಬ" ಎಂದು ಅಜ್ಜಿ ಬಾವಿಕಟ್ಟೆಗೆ ನಡೆದಳು.

ಹಕ್ಕಿಗಳು ಎರಡು ಮೂರು ದಿನ ಕಾಣಲೇ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಹಿತ್ತಿಲಿಂದ ಕೈ ಬೀಸಿ ಕರೆದಳು. ಹಳೆಯ ಗೂಡಿನ ಮೇಲೆ ಒಂದು ಹಕ್ಕಿ ಕೂತು ಅದನ್ನು ಬಿಚ್ಚುತ್ತಿತ್ತು! ಜೇಡರ ಬಲೆಯ ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ಹಿಂದಕ್ಕೆ ಜಗ್ಗುವುದು, ಅದು ಬಿಟ್ಟುಕೊಂಡರೆ ಬಚ್ಚಲಮನೆ ಪಕ್ಕದ ದಾಳಿಂಬೆ ಗಿಡಕ್ಕೆ ಹಾರುವುದು. ಅಲ್ಲಿ ದಟ್ಟ ಎಲೆಯೊಳಗೆ ಆಗಲೇ ಇನ್ನೊಂದು ಬಟ್ಟಲಿನ ತಳ ಬಿದ್ದಿತ್ತು. ಇನ್ನೊಂದು ಹಕ್ಕಿ ಅಲ್ಲಿ ಕೂತು ಬಾಲ ಬಿಚ್ಚಿ ಕುಣಿಯುತ್ತಿತ್ತು. ಕೆಲಸ ಬಿಟ್ಟು ಕುಣಿಯೋದು ನೋಡು, ಇದೇ ಗಂಡು ಇರ್ಬೇಕು, ಅಂದಳು ಅತ್ತೆ. ಒಂದು ವಾರದಲ್ಲಿ ಹಳೆಯ ಕವಲು ಬರಿದಾಯಿತು. ಅತ್ತೆ ದಿನಾ ಸ್ಟೂಲು ಹಾಕಿಸಿಕೊಂಡು ಕೂತು ಅದನ್ನೇ ನೋಡುತ್ತಿದ್ದಳು.

ಮತ್ತೊಂದು ಮಧ್ಯಾಹ್ನ ಅವಳು ತನ್ನ ಟ್ರಂಕಿನ ತಳದಿಂದ ಒಂದು ಪುಟ್ಟ ಕುಲಾವಿ ತೆಗೆದಳು. ಮೊಸರು ಬಣ್ಣದ ಉಲ್ಲನ್ನಿನದು. ಯಾರದು ಎಂದು ನಾನು ಕೇಳಲಿಲ್ಲ. ಅವಳು ಅದರ ಒಂದು ಗಂಟು ಹುಡುಕಿ, ಹಲ್ಲಿನಲ್ಲಿ ಕಚ್ಚಿ, ಎಳೆಯತೊಡಗಿದಳು. ನನ್ನ ಎರಡು ಕೈ ಮುಂದೆ ಚಾಚಿಸಿ ಬಿಚ್ಚಿದ ಎಳೆಯನ್ನು ಅದಕ್ಕೆ ಸುತ್ತುತ್ತಾ ಹೋದಳು. ಸುರುಳಿ ಸುರುಳಿಯಾದ ಎಳೆ ನನ್ನ ಬೆರಳಿಗೆ ಕಚಗುಳಿ ಇಡುತ್ತಿತ್ತು. ಅಷ್ಟರಲ್ಲಿ ಅಜ್ಜಿ ಬಂದಳು. ಕುಲಾವಿಯನ್ನು ನೋಡಿದಳು. ಗುರುತು ಸಿಕ್ಕಿತು. ಇರುವೆ ಗೂಡಿಗೂ ಹೆದರುವ ಅಜ್ಜಿ, ಹೋದ ಕೂಸಿನ ಬಟ್ಟೆ ಹುಟ್ಟುವ ಕೂಸಿಗೆ ಅಂದರೆ ಮನೆಯನ್ನೇ ಎತ್ತಿ ಹಾಕುತ್ತಾಳೆ ಅಂದುಕೊಂಡೆ. ಅತ್ತೆ ತಲೆ ಎತ್ತದೆ ಸುತ್ತುತ್ತಲೇ ಇದ್ದಳು.

ಅಜ್ಜಿ ಬಗ್ಗಿ ಆ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಉಗುರುಬೆಚ್ಚನೆ ನೀರಲ್ಲಿ ನೆನೆಸಿ ಒಣಗ್ಸು. ಇಲ್ದಿದ್ರೆ ಸುರುಳಿ ಬಿಡಲ್ಲ" ಅಂದು ಒಳಗೆ ಹೋದಳು.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹಿತ್ತಿಲ ನೆಲದಿಂದ ಮಳೆಹುಳು ರೆಕ್ಕೆ ಕಟ್ಟಿಕೊಂಡು ಹೊಗೆಯ ಹಾಗೆ ಎದ್ದವು. ದಾಳಿಂಬೆ ಗಿಡದಲ್ಲಿ ಎರಡು ಕೊಕ್ಕು ಬಾಯಿಬಿಟ್ಟುಕೊಂಡು ಕೂತಿದ್ದವು. ಅಪ್ಪ ಅಮ್ಮ ಹಕ್ಕಿಗಳಿಗೆ ಅವತ್ತು ಉಸಿರಾಡಲು ಪುರುಸೊತ್ತಿರಲಿಲ್ಲ. ಆ ಮರಿಗಳು ಗೂಡು ಬಿಟ್ಟು ಕೊಂಬೆಗೆ ಬಂದು ಬಾಲ ಬಿಚ್ಚಲು ಕಲಿಯುತ್ತಿದ್ದ ವಾರದಲ್ಲೇ ಅತ್ತೆಯನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೆಣ್ಣುಮಗು. ಮೊಸರು ಬಣ್ಣದ ಹೊಸ ಕುಲಾವಿ ಹಾಕಿಕೊಂಡು ಮನೆಗೆ ಬಂತು. ಹನ್ನೊಂದು ದಿನ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಮಗು ಕಿಟಾರನೆ ಕಿರುಚಿತು. ಅಜ್ಜಿ ಒಲೆಯ ಮುಂದೆಯೇ ಕೂತು ಅತ್ತಳು, ಆಮೇಲೆ ಶಾವಿಗೆ ಪಾಯಸ ಮಾಡಿದಳು. ನಾನು ಮೂರು ಲೋಟ ಕುಡಿದೆ.

ಆ ಮಗು ಲೀಲಾಳಿಗೆ ಈಗ ಮೊಮ್ಮಕ್ಕಳಿದ್ದಾರೆ. ನಮ್ಮ ಮನೆ ಪಾಲಾಗಿ, ಮಾರಾಟವಾಗಿ, ಪತ್ರೆ ಮರ ಇದ್ದ ಜಾಗದಲ್ಲಿ ನಾಲ್ಕು ಕಾರು ನಿಲ್ಲುತ್ತವೆ. ಬೀಸಣಿಗೆ ಬಾಲದ ಹಕ್ಕಿಯನ್ನು ಚಾಮರಾಜಪೇಟೆಯಲ್ಲಿ ನೋಡಿ ಅದೆಷ್ಟು ವರ್ಷವಾಯಿತೋ. ಪೂಜೆಗೆ ಪತ್ರೆ ಮಾರುಕಟ್ಟೆಯಿಂದ ಕಟ್ಟು ಕಟ್ಟಾಗಿ ಬರುತ್ತದೆ, ಒಂದು ತೂತೂ ಇರುವುದಿಲ್ಲ. ಅದಕ್ಕೆ ಏನು ಹೊಡೆದಿರುತ್ತಾರೆಂದು ಯೋಚಿಸಿದರೆ ನನಗೆ ದಿಗಿಲಾಗುತ್ತದೆ. ಅಜ್ಜಿ ಇಲ್ಲ, ಅತ್ತೆಯೂ ಇಲ್ಲ.

ನನ್ನ ಮದುವೆಯಾಗಿ ಎನ್.ಆರ್. ಕಾಲೋನಿಯಲ್ಲಿ ಸಂಸಾರ ಹೂಡಿದ್ದಾಗ ನನ್ನ ಮೊದಲ ಮಗು ಒಂದೇ ದಿನ ಬದುಕಿತು. ಬಂದವರೆಲ್ಲ ಒಳ್ಳೆಯವರೇ. ತೊಟ್ಟಿಲನ್ನು ಅಟ್ಟಕ್ಕೆ ಹಾಕಿದರು, ಬಟ್ಟೆಗಳನ್ನು ಬಚ್ಚಿಟ್ಟರು, ಮಳೆ ಬೆಳೆ ಮಾತಾಡಿ ಹೋದರು. ವಾರದ ಮೇಲೆ ಗಿರಿಜತ್ತೆ ಬಸ್ಸಿಳಿದು, ಬಿಸಿಲಲ್ಲಿ ನಡೆದು ಬಂದಳು. ಕೈಕಾಲು ತೊಳೆದು ನನ್ನ ಹಾಸಿಗೆಯ ಅಂಚಿಗೆ ಕೂತಳು.

"ಯಾರ ಥರ ಇತ್ತೇ?" ಎಂದು ಕೇಳಿದಳು.

ನಾನು ಹೇಳತೊಡಗಿದೆ. ದೀಪ ಹಚ್ಚುವ ಹೊತ್ತಿನವರೆಗೂ ಹೇಳಿದೆ. ಒಂದೇ ದಿನದ ಮಗುವಿನ ಬಗ್ಗೆ ಹೇಳಲು ಅಷ್ಟೊಂದು ಇತ್ತು. ಎರಡು ವರ್ಷದ ಮೇಲೆ ನನ್ನ ಮಗ ಹುಟ್ಟಿದ.

ಈಗಲೂ ಬಂಧುಬಳಗದಲ್ಲಿ ಅಂಥ ಸುದ್ದಿ ಬಂದರೆ ಮನೆಯವರು, ನಿಮಗೆ ವಯಸ್ಸಾಯ್ತು, ಫೋನ್ ಮಾಡಿದ್ರೆ ಸಾಕು ಅನ್ನುತ್ತಾರೆ. ನಾನು ಆಟೋ ಹಿಡಿದು ಹೋಗುತ್ತೇನೆ. ಹೋಗಿ ಆ ಹುಡುಗಿಯ ಪಕ್ಕ ಕೂತು, ಮಗು ಯಾರ ಥರ ಇತ್ತು ಎಂದು ಕೇಳುತ್ತೇನೆ. ಇದುವರೆಗೆ ಯಾರೂ ನನ್ನನ್ನು ಎದ್ದು ಹೋಗು ಅಂದಿಲ್ಲ.